ಲೈವ್ ಪೋಕರ್ ಟೂರ್ನಮೆಂಟ್‌ನಲ್ಲಿ ಸೋಲಿನ ಸರಣಿ: ತಪ್ಪು ರಿವರ್ ಕಾರ್ಡಿನದೋ, ಅದಕ್ಕೂ ಮುಂಚಿನದೋ?

ಖಾಲಿ ಸ್ಟ್ಯಾಕ್

ಸತತ 20 ಲೈವ್ (ಆನ್‌ಲೈನ್ ಅಲ್ಲ, ಮೇಜಿನಲ್ಲಿ ಕೂತು ಆಡುವ) ಪೋಕರ್ ಟೂರ್ನಮೆಂಟ್, ಒಂದರಲ್ಲೂ ಕ್ಯಾಶ್ (ಬಹುಮಾನದ ದುಡ್ಡು) ಇಲ್ಲ ಅಂದರೆ ಅದನ್ನು ಹೇಗೆ ಓದಬೇಕು? ಔಟಾಗುವ ರೀತಿಯೂ ಹೆಚ್ಚುಕಡಿಮೆ ಒಂದೇ. ಒಂಬತ್ತೋ ಹತ್ತೋ ಬಿಗ್ ಬ್ಲೈಂಡ್ ಉಳಿದಿರುತ್ತೆ (ಎಲೆ ನೋಡುವ ಮುಂಚೆ ಒಬ್ಬ ಕಡ್ಡಾಯವಾಗಿ ಕಟ್ಟುವ ಬೆಟ್; ಕೈಯಲ್ಲಿರುವ ಚಿಪ್ಸ್, ಅಂದರೆ ಸ್ಟ್ಯಾಕ್, ಅಳೆಯೋದು ಅದರಲ್ಲೇ), ಜೋಡಿ ರಾಣಿ ಬರುತ್ತೆ, ಆಲ್-ಇನ್ (ಇದ್ದ ಚಿಪ್ಸ್ ಎಲ್ಲ ಪಣಕ್ಕೆ), ಎದುರಿಗೆ ಎಕ್ಕ-ರಾಜ, ರಿವರ್‌ನಲ್ಲಿ (ಮೇಜಿನ ಮೇಲೆ ತೆರೆಯುವ ಕೊನೆಯ ಎಲೆ) ರಾಜ ಬಂದು ಕೂರುತ್ತಾನೆ. ಆರು ಗಂಟೆ ಕೂತು ಕಟ್ಟಿದ್ದು ಅರೆನಿಮಿಷದಲ್ಲಿ ಹೋಗುತ್ತೆ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. "ಟೈಮ್ ಸರಿಯಿಲ್ಲ ಬಿಡು, ಆಡ್ತಾ ಇರು" ಅನ್ನೋ ಸಮಾಧಾನ ಬೇಡ. ಇದರಲ್ಲಿ ಅದೃಷ್ಟ ಎಷ್ಟು, ತಪ್ಪು ಎಷ್ಟು ಅಂತ ಬೇರ್ಪಡಿಸೋ ದಾರಿ ಇದ್ದರೆ ಹೇಳಿ.

ಲೆಕ್ಕಿಗ

ಮೊದಲು ಸರಣಿಯ ಲೆಕ್ಕ. ಸಾಮಾನ್ಯವಾಗಿ ಎಂಟ್ರಿಗಳಲ್ಲಿ ಶೇ. 12ರಿಂದ 15ರಷ್ಟು ಜನರಿಗೆ ಬಹುಮಾನ ಸಿಗುತ್ತೆ. ಶೇ. 15 ಸಲ ಕ್ಯಾಶ್ ಆಗುವವನು ಅಂತ ಇಟ್ಟುಕೊಳ್ಳಿ. ಒಂದು ಸಲ ಬರಿಗೈಲಿ ಬರುವ ಸಂಭವ 0.85. ಹತ್ತು ಸಲ ಸತತವಾಗಿ ಅಂದರೆ 0.85ನ್ನು ಹತ್ತು ಸಲ ಗುಣಿಸಿ: ಶೇ. 20ರ ಹತ್ತಿರ. ಇಪ್ಪತ್ತು ಸಲಕ್ಕೆ ಶೇ. 3.9. ಇದನ್ನು ನೋಡಿ "ನೂರಕ್ಕೆ ನಾಲ್ಕೇ ಸಲ, ಅದೂ ನನಗೇ ಆಗಬೇಕಾ" ಅಂತ ಎಲ್ಲರೂ ತಲೆ ಚಚ್ಚಿಕೊಳ್ತಾರೆ. ಆದರೆ ಅದು ಈ ನಿರ್ದಿಷ್ಟ ಇಪ್ಪತ್ತರ ಲೆಕ್ಕ ಮಾತ್ರ. 200 ಟೂರ್ನಮೆಂಟ್ ಆಡಿದವನಿಗೆ ಅದರೊಳಗೆ ಎಲ್ಲಾದರೂ ಒಂದು ಕಡೆ 20ರ ಬರಗಾಲ ಬೀಳುವ ಸಂಭವ ಸುಮಾರು ಮೂರರಲ್ಲಿ ಎರಡು. ಅಂದರೆ ಬೀಳದಿದ್ದರೇ ಆಶ್ಚರ್ಯ.

ಎಕ್ಕ ಏಳು

ಶೇ. 15 ನಿಮ್ಮ ದರ ಅಂತ ಯಾರು ಹೇಳಿದ್ದು? ಗೆಲ್ಲೋಕೆ ಆಡುವವರು ಬಬಲ್ (ಬಹುಮಾನದ ಸ್ಥಾನಗಳು ಶುರುವಾಗುವ ಸ್ವಲ್ಪ ಮುಂಚಿನ ಹಂತ) ಹತ್ತಿರ ಒತ್ತಡ ಹಾಕ್ತಾರೆ, ಕ್ಯಾಶ್ ದರ ಸ್ವಲ್ಪ ಇಳಿದರೂ ಮೊದಲ ಮೂರು ಸ್ಥಾನ ಜಾಸ್ತಿ ಸಿಗುತ್ತೆ. ದರ ಶೇ. 10 ಆದರೆ 20 ಸಲ ಬರಿಗೈ ಅನ್ನೋದು ಶೇ. 12 ಆಗುತ್ತೆ. ಎಂಟರಲ್ಲಿ ಒಂದು, ಸುದ್ದಿಯೇ ಅಲ್ಲ.

ಲೆಕ್ಕಿಗ

ಒಪ್ಪಿದೆ. ಅದಕ್ಕೇ ಕ್ಯಾಶ್ ಎಣಿಸೋದು ಬಿಟ್ಟು ಬೈ-ಇನ್‌ಗಳಲ್ಲಿ (ಒಂದು ಸಲ ಆಡೋಕೆ ಕಟ್ಟುವ ದುಡ್ಡು) ಎಣಿಸಬೇಕು.

100 ಎಂಟ್ರಿಯ ಟೂರ್ನಮೆಂಟ್, 15 ಸ್ಥಾನಕ್ಕೆ ಬಹುಮಾನ, ಮೊದಲಿನವನಿಗೆ ಶೇ. 25, ಎರಡನೆಯವನಿಗೆ 16, ಮೂರನೆಯವನಿಗೆ 11, ಆಮೇಲೆ ಮೆಟ್ಟಿಲು ಮೆಟ್ಟಿಲಾಗಿ ಇಳಿಕೆ ಅಂದುಕೊಳ್ಳಿ. ಪ್ರತಿ ಬಹುಮಾನವನ್ನೂ ಬೈ-ಇನ್‌ನಲ್ಲಿ ಬರೆದು ವರ್ಗ ಮಾಡಿ ಕೂಡಿಸಿದರೆ ಒಂದು ಟೂರ್ನಮೆಂಟಿನ ಸ್ಟ್ಯಾಂಡರ್ಡ್ ಡೀವಿಯೇಶನ್ (ಫಲಿತಾಂಶ ಸರಾಸರಿಯಿಂದ ಎಷ್ಟು ಏರಿಳಿಯುತ್ತೆ ಅನ್ನೋ ಅಳತೆ) ಸುಮಾರು 3.3 ಬೈ-ಇನ್ ಬರುತ್ತೆ. ನೂರು ಟೂರ್ನಮೆಂಟಿನ ಸರಾಸರಿಗೆ ಅದನ್ನು ಹತ್ತರಿಂದ ಭಾಗಿಸಿ: 0.33. ಅರ್ಥ ಏನಪ್ಪಾ ಅಂದರೆ, ನಿಜವಾಗಿ ಶೇ. 20 ಲಾಭದ ಆಟಗಾರನೂ ನೂರು ಟೂರ್ನಮೆಂಟ್ ಮುಗಿಸಿದಾಗ ಶೇ. 46 ನಷ್ಟದಿಂದ ಶೇ. 86 ಲಾಭದವರೆಗೆ ಎಲ್ಲಿ ಬೇಕಾದರೂ ನಿಂತಿರಬಹುದು. ಅಂಥವರಲ್ಲಿ ನಾಲ್ಕರಲ್ಲಿ ಒಬ್ಬರಿಗಿಂತ ಹೆಚ್ಚು ಜನ ಆಗಲೂ ನಷ್ಟದಲ್ಲೇ ಇರ್ತಾರೆ. ಶೇ. 20 ಲಾಭ ನಿಜವೇ ಅಂತ ಫಲಿತಾಂಶದಿಂದಲೇ ಸಾಬೀತು ಮಾಡಬೇಕು ಅಂದರೆ 1,100 ಟೂರ್ನಮೆಂಟ್ ಹತ್ತಿರ ಬೇಕು. ವಾರಕ್ಕೆ ಎರಡರಂತೆ ಆಡಿದರೆ ಹತ್ತು ವರ್ಷ ದಾಟುತ್ತೆ. ಅಷ್ಟರಲ್ಲಿ ಆಡುವವನೂ ಬದಲಾಗಿರ್ತಾನೆ, ಎದುರಾಳಿಗಳೂ ಬದಲಾಗಿರ್ತಾರೆ.

ನಿಧಾನಿ

ಹಾಗಾದರೆ ತಪ್ಪು ಯಾವತ್ತೂ ಗೊತ್ತಾಗಲ್ಲ ಅಂತಾಯ್ತಲ್ಲ ಗುರುಗಳೇ. ಇದು ಸೋತವರಿಗೆ ಒಳ್ಳೆ ನೆಪ.

ಬಟನ್ ಮೇಲೆ ಕೂತವ

ಫಲಿತಾಂಶದಿಂದ ಗೊತ್ತಾಗಲ್ಲ, ನಿರ್ಧಾರದಿಂದ ಗೊತ್ತಾಗುತ್ತೆ. ಪ್ರಶ್ನೆ ಕೇಳಿದವರ ವಾಕ್ಯದಲ್ಲೇ ಉತ್ತರ ಇದೆ: "ಒಂಬತ್ತೋ ಹತ್ತೋ ಬಿಗ್ ಬ್ಲೈಂಡ್ ಉಳಿದಿರುತ್ತೆ." ಜೋಡಿ ರಾಣಿಗೆ ಬೇರೆ ಬೇರೆ ಬಣ್ಣದ (ಸೂಟಿನ) ಎಕ್ಕ-ರಾಜ ಎದುರಾದರೆ ಗೆಲುವು ಶೇ. 57, ಒಂದೇ ಬಣ್ಣದ್ದಾದರೆ 54. ನೂರರಲ್ಲಿ 43ರಿಂದ 46 ಸಲ ಸೋಲೋದು ಅನ್ಯಾಯ ಅಲ್ಲ, ಬೆಲೆ ಮೊದಲೇ ಬರೆದಿತ್ತು. ಕೇಳಬೇಕಾದ ಪ್ರಶ್ನೆ ಬೇರೆ: 25 ಬಿಗ್ ಬ್ಲೈಂಡ್ ಇದ್ದದ್ದು ಒಂಬತ್ತಕ್ಕೆ ಇಳಿದಿದ್ದು ಹೇಗೆ?

ಒಂದು ಮೇಜನ್ನು ಹತ್ತಿರದಿಂದ ನೋಡೋಣ. ಒಂಬತ್ತು ಜನ, ಬ್ಲೈಂಡ್ 1,000/2,000 (ಸ್ಮಾಲ್/ಬಿಗ್), ಬಿಗ್ ಬ್ಲೈಂಡ್ ಆಂಟೆ (ಬಿಗ್ ಬ್ಲೈಂಡ್‌ನವನೇ ಇಡೀ ಮೇಜಿನ ಪರವಾಗಿ ಕಟ್ಟುವ ಇನ್ನೊಂದು ಕಡ್ಡಾಯ ಮೊತ್ತ) 2,000, ಲೆವೆಲ್ (ಬ್ಲೈಂಡ್ ಏರುವವರೆಗಿನ ಅವಧಿ) 40 ನಿಮಿಷ. ಸ್ಟ್ಯಾಕ್ 50,000, ಅಂದರೆ 25 ಬಿಗ್ ಬ್ಲೈಂಡ್. ಲೈವ್‌ನಲ್ಲಿ ಗಂಟೆಗೆ 25ರಿಂದ 30 ಹ್ಯಾಂಡ್; ಒಂದು ಲೆವೆಲ್‌ನಲ್ಲಿ ಸುಮಾರು 18 ಹ್ಯಾಂಡ್, ಬಟನ್ (ಹಂಚುವವನ ಸ್ಥಾನದ ಗುರುತು) ಎರಡು ಸುತ್ತು ಬರುತ್ತೆ. ಸುತ್ತಿಗೆ 5,000 ಖರ್ಚು. ಒಂದೂ ಪಾಟ್ (ಮಧ್ಯದ ಪಣದ ರಾಶಿ) ಆಡದೆ ಕೂತರೆ ಲೆವೆಲ್ ಮುಗಿಯುವಾಗ 40,000. ಮುಂದಿನ ಲೆವೆಲ್ 1,500/3,000, ಆಂಟೆ 3,000: ಅದೇ 40,000 ಈಗ 13 ಬಿಗ್ ಬ್ಲೈಂಡ್ ಚಿಲ್ಲರೆ. ಇನ್ನೆರಡು ಸುತ್ತಿಗೆ 15,000 ಹೋಗುತ್ತೆ, ಉಳಿದದ್ದು 25,000. 2,000/4,000 ಲೆವೆಲ್ ಶುರುವಾದಾಗ ಆರು ಬಿಗ್ ಬ್ಲೈಂಡ್. ಎಂಬತ್ತು ನಿಮಿಷ, ಒಂದು ಪಾಟ್ ಕೂಡ ಸೋತಿಲ್ಲ, ಒಂದು ಬ್ಯಾಡ್ ಬೀಟ್ (ಮುಂದಿದ್ದೂ ಸೋಲೋದು) ಕೂಡ ಇಲ್ಲ. ಆದರೂ ಮುಕ್ಕಾಲು ಭಾಗ ಸತ್ತಾಗಿದೆ.

"ಒಳ್ಳೆ ಎಲೆಗೆ ಕಾಯ್ತಾ ಇದ್ದೆ" ಅಂತೀರಿ. ಜೋಡಿ ರಾಣಿ, ರಾಜ, ಎಕ್ಕ ಮತ್ತು ಎಕ್ಕ-ರಾಜ ಎಲ್ಲ ಸೇರಿ 1,326ರಲ್ಲಿ 34 ಕಾಂಬಿನೇಶನ್, ಅಂದರೆ ಶೇ. 2.6. ಆ 36 ಹ್ಯಾಂಡ್‌ಗಳಲ್ಲಿ ಇವುಗಳಲ್ಲಿ ಒಂದೂ ಬಾರದಿರುವ ಸಂಭವ ಶೇ. 39. ಐದರಲ್ಲಿ ಎರಡು ಸಲ ಕಾದದ್ದೇ ಬಂತು, ಎಲೆ ಬರಲಿಲ್ಲ. ಬರೀ ಜೋಡಿ ಎಕ್ಕಕ್ಕೆ ಕಾಯುವವರಿಗೆ 221ರಲ್ಲಿ ಒಂದು, ಸರಾಸರಿ ಎಂಟು ಗಂಟೆಗೆ ಒಂದು ಸಲ!

ಖಾಲಿ ಸ್ಟ್ಯಾಕ್

ಸರಿ, 25ರಲ್ಲಿ ಇದ್ದಾಗ ಏನು ಮಾಡಬೇಕಿತ್ತು? "ಆಕ್ರಮಣಕಾರಿಯಾಗಿ ಆಡಿ" ಅಂತ ಎಲ್ಲರೂ ಹೇಳ್ತಾರೆ, ಯಾವ ಹ್ಯಾಂಡ್‌ಗೆ ಎಷ್ಟು ಅಂತ ಯಾರೂ ಹೇಳಲ್ಲ.

ಬಟನ್ ಮೇಲೆ ಕೂತವ

ಮೇಜಿನ ಮಧ್ಯೆ ಪ್ರತಿ ಹ್ಯಾಂಡ್‌ನಲ್ಲೂ ಎರಡೂವರೆ ಬಿಗ್ ಬ್ಲೈಂಡ್ ಬಿದ್ದಿರುತ್ತೆ: ಸ್ಮಾಲ್ ಅರ್ಧ, ಬಿಗ್ ಒಂದು, ಆಂಟೆ ಒಂದು. ಸುತ್ತಿಗೆ ಒಂದು ಸಲ ಅದನ್ನು ಎತ್ತಿದರೆ ನೀವು ಇದ್ದಲ್ಲೇ ಇರ್ತೀರಿ. ಎರಡು ಸಲ ಎತ್ತಿದರೆ ಬೆಳೀತೀರಿ.

18ರಿಂದ 30 ಬಿಗ್ ಬ್ಲೈಂಡ್: ಕಟ್‌ಆಫ್ (ಬಟನ್‌ಗೆ ಹಿಂದಿನ ಸೀಟು) ಮತ್ತು ಬಟನ್‌ನಿಂದ 2 ಅಥವಾ 2.2 ಬಿಗ್ ಬ್ಲೈಂಡ್‌ಗೆ ಓಪನ್ (ಮೊದಲ ರೇಸ್, ಅಂದರೆ ಬೆಟ್ ಏರಿಸೋದು) ಮಾಡಿ, ಮೂರಕ್ಕೆ ಹೋಗಬೇಡಿ. 2.2 ಹಾಕಿ 2.5 ಗೆಲ್ಲೋಕೆ ಎಲ್ಲರೂ ಶೇ. 47 ಸಲ ಫೋಲ್ಡ್ ಮಾಡಿದರೆ (ಎಲೆ ಬಿಟ್ಟುಕೊಟ್ಟರೆ) ಸಾಕು, ಕಾಲ್ (ಅಷ್ಟೇ ಮೊತ್ತ ಹಾಕಿ ಮುಂದುವರಿಯೋದು) ಬಿದ್ದಾಗ ನಿಮ್ಮ ಎಲೆ ಗೆಲ್ಲುವ ಪಾಲು ಲೆಕ್ಕಕ್ಕೇ ಹಿಡಿದಿಲ್ಲ. ಮೂರಕ್ಕೆ ಓಪನ್ ಮಾಡಿದರೆ ಶೇ. 55 ಬೇಕು.

12ರಿಂದ 18: ಇಲ್ಲಿ ಬಂಗಾರ ಅಂದರೆ ಬೇರೆಯವರ ಓಪನ್ ಮೇಲೆ ಆಲ್-ಇನ್. ಬಟನ್‌ನವನು 2.2 ಹಾಕಿದ, ನೀವು ಬ್ಲೈಂಡ್‌ನಲ್ಲಿದ್ದೀರಿ, 15 ಇದೆ. ಅವನು ಬಿಟ್ಟರೆ 4.7 ನಿಮ್ಮದು. ಎಕ್ಕ-ಐದು ಒಂದೇ ಬಣ್ಣ, ರಾಜ-ರಾಣಿ, ಮಧ್ಯಮ ಜೋಡಿಗಳು ಇದಕ್ಕೆ ಹೇಳಿ ಮಾಡಿಸಿದ ಹಾಗೆ. ಆದರೆ ಮೊದಲ ಸೀಟಿನಿಂದ ಓಪನ್ ಮಾಡಿದವನ ಮೇಲೆ ಇದನ್ನೇ ಮಾಡಬೇಡಿ, ಅವನ ಕೈಯಲ್ಲಿ ನಿಜವಾಗಿಯೂ ಏನಾದರೂ ಇರುತ್ತೆ.

12ಕ್ಕಿಂತ ಕೆಳಗೆ: ಓಪನ್ ಮಾಡಿ ಫೋಲ್ಡ್ ಮಾಡುವ ಚಾಳಿ ಬಿಡಿ. ಆಲ್-ಇನ್ ಇಲ್ಲವೇ ಫೋಲ್ಡ್. ಹತ್ತು ಇಟ್ಟುಕೊಂಡು ಬಟನ್‌ನಿಂದ ಎಲೆಗಳಲ್ಲಿ ಮೂರನೇ ಒಂದಕ್ಕಿಂತ ಹೆಚ್ಚನ್ನು ತಳ್ಳಬಹುದು, ಅಂದರೆ ಆಲ್-ಇನ್ ಹಾಕಬಹುದು. ಎಲ್ಲರೂ ಬಿಟ್ಟರೆ ಸ್ಟ್ಯಾಕ್ ಕಾಲು ಭಾಗ ಬೆಳೆಯುತ್ತೆ.

ಇನ್ನು ಆರಕ್ಕೆ ಇಳಿದಾಗ ಏನಾಗುತ್ತೆ ನೋಡಿ. ನೀವು 12 ತಳ್ಳಿದರೆ ಬಿಗ್ ಬ್ಲೈಂಡ್‌ನವನು 11 ಹಾಕಿ 14.5 ಗೆಲ್ಲಬೇಕು, ಅವನಿಗೆ ಶೇ. 43 ಬೇಕು. ಆರು ತಳ್ಳಿದರೆ 5 ಹಾಕಿ 8.5, ಶೇ. 37 ಸಾಕು. ಎರಡು ದೊಡ್ಡ ಎಲೆಯ ಎದುರು ಎರಡು ಚಿಕ್ಕ ಎಲೆಗೂ ಸುಮಾರು 35 ಇರುತ್ತೆ. ಅದಕ್ಕೇ ಅವನು ಗುಲಾಮ-ಎಂಟು ಇಟ್ಟುಕೊಂಡು ಕಾಲ್ ಮಾಡ್ತಾನೆ, ಗೆದ್ದಾಗ ನೀವು "ಈ ಕಸ ಇಟ್ಟುಕೊಂಡು ಹೇಗೆ ಕಾಲ್ ಮಾಡಿದ" ಅಂತ ಮೇಜಿಗೆಲ್ಲ ಕೇಳೋ ಹಾಗೆ ಗೊಣಗ್ತೀರಿ. ಅವನು ಮಾಡಿದ್ದು ಹೆಚ್ಚುಕಡಿಮೆ ಸರಿ. ಅವನಿಗೆ ಅಷ್ಟು ಅಗ್ಗ ಮಾಡಿಕೊಟ್ಟದ್ದು ನೀವು.

ಎಕ್ಕ ಏಳು

ಒಂದು ತಕರಾರು. ಇದೆಲ್ಲ 40 ನಿಮಿಷದ ಲೆವೆಲ್ ಕಥೆ. 20 ನಿಮಿಷದ ಲೆವೆಲ್ ಆದರೆ ಬಟನ್ ಒಂದೇ ಸುತ್ತು, ಒಂಬತ್ತು ಹ್ಯಾಂಡ್, ಬ್ಲೈಂಡ್ ಏರಿತು. ಅಲ್ಲಿ ಕೌಶಲಕ್ಕೆ ಜಾಗವೇ ಕಡಿಮೆ. ಸರಣಿ ಉದ್ದವಾಯ್ತು ಅಂತ ಅಳುವ ಮುಂಚೆ ಆಡುತ್ತಿರುವ ಸ್ಟ್ರಕ್ಚರ್ ಶೀಟ್ (ಲೆವೆಲ್, ಬ್ಲೈಂಡ್‌ಗಳ ಪಟ್ಟಿ) ಓದಿ. ಸುಲಭದ ಅಂದಾಜು ಹೀಗೆ: ಎಂಟ್ರಿ ಸಂಖ್ಯೆಗೆ ಶುರುವಿನ ಸ್ಟ್ಯಾಕ್ ಗುಣಿಸಿ, 30ರಿಂದ ಭಾಗಿಸಿ. ಬಿಗ್ ಬ್ಲೈಂಡ್ ಹೆಚ್ಚುಕಡಿಮೆ ಅಷ್ಟಾದಾಗ ಟೂರ್ನಮೆಂಟ್ ಮುಗಿಯುತ್ತೆ. 60 ಎಂಟ್ರಿ, 20,000 ಸ್ಟ್ಯಾಕ್: 12 ಲಕ್ಷ ಚಿಪ್ಸ್, ಕೊನೆಯ ಬಿಗ್ ಬ್ಲೈಂಡ್ 40,000 ಆಸುಪಾಸು. ಆ ಲೆವೆಲ್ ಶೀಟಿನಲ್ಲಿ ಎಷ್ಟನೆಯದು ಅಂತ ಎಣಿಸಿದರೆ ಎಷ್ಟು ಗಂಟೆಯ ಆಟ, ಎಷ್ಟು ಹ್ಯಾಂಡ್ ಅಂತ ಗೊತ್ತಾಗುತ್ತೆ. 15 ಜನ ಉಳಿದಾಗ ಸರಾಸರಿ 80,000. ಆಗ ಬಿಗ್ ಬ್ಲೈಂಡ್ 8,000 ಆಗುವಂತಿದ್ದರೆ ಮೇಜಿನ ಸರಾಸರಿಯೇ ಹತ್ತು. ಇಡೀ ಮೇಜು ಆಲ್-ಇನ್ ಆಡುತ್ತಿರುತ್ತೆ, ಯಾರೂ ಯಾರನ್ನೂ ಬೈಯುವ ಹಾಗಿಲ್ಲ.

ಫ್ಲೋರ್ ಕರೀರಿ

ಫೀ ಎಷ್ಟು ಅಂತಲೂ ಅದೇ ಶೀಟಿನಲ್ಲಿ ಇರುತ್ತೆ. 100 ಕಟ್ಟಿದಾಗ 85 ಮಾತ್ರ ಬಹುಮಾನಕ್ಕೆ ಹೋದರೆ ಸರಾಸರಿ ಆಟಗಾರ ಕೂತ ತಕ್ಷಣ ಶೇ. 15 ನಷ್ಟದಲ್ಲಿ. ರೀ-ಎಂಟ್ರಿಗೂ (ಔಟಾದ ಮೇಲೆ ದುಡ್ಡು ಕಟ್ಟಿ ಮತ್ತೆ ಕೂರೋದು) ಅದೇ ಫೀ ಮತ್ತೆ. ಇದನ್ನು "ಸರಣಿ" ಅಂತ ಕರೆಯೋದು ತಪ್ಪು, ಇದು ಬಾಡಿಗೆ.

ಇನ್ನೊಂದು, ಯಾರೂ ಹೇಳಲಿಲ್ಲ ಅಂತ ಹೇಳ್ತಿದ್ದೀನಿ: ಆನ್‌ಲೈನ್‌ನಿಂದ ಬಂದವರು ಲೈವ್‌ನಲ್ಲಿ ಕೈಯಿಂದಲೇ ಚಿಪ್ಸ್ ಚೆಲ್ತಾರೆ. ಎದುರಿಗೆ ಬೆಟ್ ಇರುವಾಗ ಬಾಯಿ ಬಿಡದೆ ಒಂದೇ ದೊಡ್ಡ ಚಿಪ್ ಇಟ್ಟರೆ ಅದು ಕಾಲ್, ರೇಸ್ ಅಲ್ಲ. 2,000ದ ಬಿಗ್ ಬ್ಲೈಂಡ್ ಎದುರು 5,000ದ ಒಂದು ಚಿಪ್ ಎಸೆದು ರೇಸ್ ಆಯ್ತು ಅಂದುಕೊಂಡವನು ಲಿಂಪ್ (ಬರೀ ಕಾಲ್) ಮಾಡಿರ್ತಾನೆ, ಜೋಡಿ ರಾಜ ಇಟ್ಟುಕೊಂಡು ನಾಲ್ಕು ಜನರ ಜೊತೆ ಫ್ಲಾಪ್ (ಮೇಜಿನ ಮೇಲೆ ತೆರೆಯುವ ಮೊದಲ ಮೂರು ಎಲೆ) ನೋಡ್ತಾನೆ. ಮೊದಲು ಬಾಯಲ್ಲಿ ಮೊತ್ತ ಹೇಳಿ, ಆಮೇಲೆ ಚಿಪ್ಸ್ ಮುಟ್ಟಿ. ಎರಡು ಕಂತಿನಲ್ಲಿ ಚಿಪ್ಸ್ ತಳ್ಳಿದರೆ ಸ್ಟ್ರಿಂಗ್ ಬೆಟ್, ಮೊದಲ ಕಂತು ಮಾತ್ರ ನಿಲ್ಲುತ್ತೆ. ಹಲವು ಚಿಪ್ಸ್ ಇಟ್ಟು ಅದು ಕನಿಷ್ಠ ರೇಸ್‌ನ ಅರ್ಧ ಅಥವಾ ಜಾಸ್ತಿ ಆಗಿದ್ದರೆ ಪೂರ್ತಿ ರೇಸ್ ಮಾಡಲೇಬೇಕು, ಅರ್ಧಕ್ಕಿಂತ ಕಡಿಮೆ ಆದರೆ ಕಾಲ್. ಟಿಡಿಎ (ಟೂರ್ನಮೆಂಟ್ ಡೈರೆಕ್ಟರ್ಸ್ ಅಸೋಸಿಯೇಶನ್) ನಿಯಮ ಅನುಸರಿಸುವ ಕಡೆಯೆಲ್ಲ ಹೀಗೇ. ದೊಡ್ಡ ಚಿಪ್ಸ್ ಮುಂದೆ ಕಾಣುವಂತಿರಬೇಕು ಅನ್ನೋ ನಿಯಮ ನಿಮಗೂ ಲಾಭ: ಆಲ್-ಇನ್ ಕಾಲ್ ಮಾಡುವ ಮುಂಚೆ ಎದುರಿನವನದು ಎಷ್ಟು ಅಂತ ಡೀಲರ್ ಹತ್ತಿರ ಎಣಿಸಿಸಿ. "ಸುಮಾರು ಹನ್ನೆರಡು ಇರಬಹುದು" ಅಂತ ಕಾಲ್ ಮಾಡಿ ಅಲ್ಲಿ ಹತ್ತೊಂಬತ್ತು ಇದ್ದದ್ದು ಆಮೇಲೆ ಗೊತ್ತಾದರೆ ಅದು ಅದೃಷ್ಟದ ಖಾತೆಗೆ ಬರಲ್ಲ.

ನಿಧಾನಿ

ಬಬಲ್ ಬಗ್ಗೆ ಯಾರಾದರೂ ಹೇಳಿ. "ಕಾಯಬೇಡಿ, ತಳ್ಳಿ" ಅಂತ ಹೇಳಿ ಹೇಳಿ ಜನ ಸ್ಯಾಟಲೈಟ್‌ನಲ್ಲೂ (ದೊಡ್ಡ ಟೂರ್ನಮೆಂಟಿನ ಟಿಕೆಟ್ಟೇ ಬಹುಮಾನ ಆಗಿರುವ ಟೂರ್ನಮೆಂಟ್) ಹಾಗೇ ಮಾಡಿ ಕೈ ಸುಟ್ಟುಕೊಳ್ತಾರೆ.

ಲೆಕ್ಕಿಗ

ಒಳ್ಳೆ ಮಾತು ತೆಗೆದಿರಿ. ನಾಲ್ಕು ಜನ ಉಳಿದಿದ್ದಾರೆ, ಮೂರು ಟಿಕೆಟ್, ಎಲ್ಲರದೂ ಸಮ ಸ್ಟ್ಯಾಕ್. ಈಗ ಪ್ರತಿಯೊಬ್ಬನ ಕೈಯಲ್ಲೂ ಮುಕ್ಕಾಲು ಟಿಕೆಟ್ ಇದೆ. ಎದುರಿನವನು ಆಲ್-ಇನ್ ಅಂದ. ಕಾಲ್ ಮಾಡಿ ಗೆದ್ದರೆ ಒಂದು ಟಿಕೆಟ್, ಕಾಲು ಭಾಗ ಲಾಭ. ಸೋತರೆ ಮುಕ್ಕಾಲು ನಷ್ಟ. ಹಾಗಾಗಿ ಕಾಲ್ ಮಾಡೋಕೆ ಶೇ. 75 ಗೆಲುವು ಬೇಕು. ಅವನು ಎಲೆ ನೋಡದೆಯೇ ತಳ್ಳಿದ್ದಾನೆ ಅಂತ ಖಚಿತವಾಗಿ ಗೊತ್ತಿದ್ದರೂ ಎಕ್ಕ-ರಾಜಕ್ಕೆ ಇರೋದು 65ರ ಆಸುಪಾಸು. ಫೋಲ್ಡ್! ಜೋಡಿ ರಾಣಿ, ಜೋಡಿ ರಾಜ, ಜೋಡಿ ಎಕ್ಕದಂಥ ದೊಡ್ಡ ಜೋಡಿಗಳು ಮಾತ್ರ ಆರಾಮವಾಗಿ ದಾಟುತ್ತವೆ. ತಳ್ಳೋದು ಮತ್ತು ಕಾಲ್ ಮಾಡೋದು ಬೇರೆ ಬೇರೆ ವಿಷಯ ಅನ್ನೋದು ಇಲ್ಲಿ ಕಣ್ಣಿಗೆ ಹೊಡೆಯುತ್ತೆ. ಮೊದಲು ತಳ್ಳುವವನಿಗೆ ಎಲ್ಲರೂ ಹೆದರಿ ಬಿಡುವ ಲಾಭ ಇದೆ, ಕಾಲ್ ಮಾಡುವವನಿಗೆ ಅದು ಇಲ್ಲ.

ಮಾಮೂಲಿ ಟೂರ್ನಮೆಂಟ್‌ನಲ್ಲಿ ಇಷ್ಟು ತೀವ್ರ ಇರಲ್ಲ, ಆದರೆ ದಿಕ್ಕು ಅದೇ. ನಿಮ್ಮನ್ನು ಔಟ್ ಮಾಡಬಲ್ಲ ದೊಡ್ಡ ಸ್ಟ್ಯಾಕ್ ಎದುರು ಕಾಲ್ ಬಿಗಿ ಮಾಡಿ, ನಿಮ್ಮನ್ನು ಕಂಡು ಹೆದರುವ ಮಧ್ಯಮ ಸ್ಟ್ಯಾಕ್ ಎದುರು ತಳ್ಳೋದು ಸಡಿಲ ಮಾಡಿ.

ಖಾಲಿ ಸ್ಟ್ಯಾಕ್

ಇದೆಲ್ಲ ತಣ್ಣಗೆ ಕೂತು ಓದಿದಾಗ ಸರಿ. ಆದರೆ ಔಟಾದ ಹತ್ತನೇ ನಿಮಿಷಕ್ಕೆ ರೀ-ಎಂಟ್ರಿ ಕೌಂಟರ್ ಮುಂದೆ ನಿಂತಾಗ ತಲೆ ಈ ಲೆಕ್ಕ ಮಾಡಲ್ಲ.

ಫ್ಲೋರ್ ಕರೀರಿ

ತಲೆಗೆ ಬಿಡಬೇಡಿ, ಮೊದಲೇ ಬರೆದಿಡಿ. ಮೂರೇ ಸಾಲು: ಗರಿಷ್ಠ ಎಷ್ಟು ಎಂಟ್ರಿ, ಯಾವ ಲೆವೆಲ್ ನಂತರ ಮತ್ತೆ ಕೂರಲ್ಲ, ಔಟಾದ ಮೇಲೆ ಕನಿಷ್ಠ ಎಷ್ಟು ನಿಮಿಷ ಹೊರಗೆ. ಎರಡನೇ ಸಾಲಿನ ಕಾರಣ ನೋಡಿ. ಶುರುವಿನ ಸ್ಟ್ಯಾಕ್ 25,000, ಬ್ಲೈಂಡ್ 100/200 ಇದ್ದಾಗ ಅದು 125 ಬಿಗ್ ಬ್ಲೈಂಡ್. ಲೇಟ್ ರಿಜಿಸ್ಟ್ರೇಶನ್ ಕೊನೆಯಲ್ಲಿ 1,000/2,000 ಆಗಿದ್ದರೆ ಅದೇ ದುಡ್ಡಿಗೆ, ಅದೇ ಫೀಗೆ ಹನ್ನೆರಡೂವರೆ. ತಣ್ಣನೆ ತಲೆಯಿಂದ ತಳ್ಳು-ಬಿಡು ಆಡಬಲ್ಲವನಿಗೆ ಅದು ಕೆಟ್ಟ ವ್ಯಾಪಾರ ಅಲ್ಲ. ರಿವರ್ ರಾಜನ ಮೇಲಿನ ಸಿಟ್ಟು ಆರದವನಿಗೆ ಅದು ದುಡ್ಡು ಸುಡುವ ಒಲೆ.

ಪಕ್ಕದ ಕ್ಯಾಶ್ ಗೇಮ್‌ನಲ್ಲಿ (ಟೂರ್ನಮೆಂಟ್ ಅಲ್ಲ, ನೇರ ದುಡ್ಡಿನ ಆಟ) ಕೂತು "ಬೈ-ಇನ್ ವಾಪಸ್ ತೆಗೆದುಬಿಡ್ತೀನಿ" ಅನ್ನೋದು ಇನ್ನೂ ಕೆಟ್ಟದ್ದು. ಬೇರೆ ಆಟ, ಆಳವಾದ ಸ್ಟ್ಯಾಕ್, ಕೆರಳಿದ ತಲೆ, ಅಲ್ಲಿ ಕೂತವರು ಹುರುಪಿನಲ್ಲಿ ಇರ್ತಾರೆ.

ಎಕ್ಕ ಏಳು

ಬ್ಯಾಂಕ್‌ರೋಲ್ (ಆಟಕ್ಕೇ ಅಂತ ಇಟ್ಟ ದುಡ್ಡು) ವಿಷಯ ಬಿಟ್ಟುಹೋಯಿತು. ಲೆಕ್ಕಿಗರು ಕೊಟ್ಟ 3.3 ಮತ್ತು ಶೇ. 20 ಲಾಭವನ್ನೇ ಹಿಡಿದರೆ ದಿವಾಳಿಯ ಸಂಭವ: 20 ಬೈ-ಇನ್ ಇಟ್ಟವನಿಗೆ ಸುಮಾರು ಶೇ. 48, 50 ಇಟ್ಟವನಿಗೆ 16, 100 ಇಟ್ಟವನಿಗೆ ಎರಡೂವರೆ. ಇದು ನಿಜವಾಗಿ ಗೆಲ್ಲುವ ಆಟಗಾರನ ಲೆಕ್ಕ. ಲಾಭವೇ ಇಲ್ಲದವನಿಗೆ ಎಷ್ಟು ಇಟ್ಟರೂ ಒಂದಲ್ಲ ಒಂದು ದಿನ ಖಾಲಿ. 300 ಎಂಟ್ರಿಯ ಟೂರ್ನಮೆಂಟ್ ಆದರೆ ಏರಿಳಿತ ಇನ್ನೂ ದೊಡ್ಡದು, ಬೈ-ಇನ್ ಅದಕ್ಕೆ ತಕ್ಕಂತೆ ಜಾಸ್ತಿ ಇರಬೇಕು. ಸರಣಿ ಶುರುವಾದಾಗ ಮಾಡಬೇಕಾದ ಒಂದೇ ಕೆಲಸ, ಒಂದು ಮೆಟ್ಟಿಲು ಕೆಳಗಿನ ಬೈ-ಇನ್‌ಗೆ ಇಳಿಯೋದು. ಜನ ಮಾಡೋದು ಉಲ್ಟಾ: "ಒಂದೇ ಏಟಿಗೆ ಎಲ್ಲ ವಾಪಸ್" ಅಂತ ಮೇಲಿನದಕ್ಕೆ ಹಾರ್ತಾರೆ.

ನಿಧಾನಿ

ಅದರ ಪಕ್ಕದಲ್ಲೇ ಇನ್ನೊಂದು ಗೆರೆ ಇದೆ, ಲೆಕ್ಕದ್ದಲ್ಲ. ಡಿಎಸ್‌ಎಂ-5 (ಮನೋವೈದ್ಯರು ಕಾಯಿಲೆ ಗುರುತಿಸಲು ಬಳಸುವ ಅಮೆರಿಕದ ಕೈಪಿಡಿ) ಜೂಜಿನ ಚಟಕ್ಕೆ ಒಂಬತ್ತು ಲಕ್ಷಣ ಪಟ್ಟಿ ಮಾಡುತ್ತೆ. 12 ತಿಂಗಳಲ್ಲಿ ನಾಲ್ಕು ಇದ್ದರೆ ಅದು ಕಾಯಿಲೆ. ಸೋತದ್ದನ್ನು ವಾಪಸ್ ತರೋಕೆ ಮತ್ತೆ ಬರೋದು, ಎಷ್ಟು ಸೋತೆ ಅಂತ ಮನೆಯಲ್ಲಿ ಸುಳ್ಳು ಹೇಳೋದು, ಬಿಡಬೇಕು ಅಂದಾಗ ಚಡಪಡಿಸೋದು, ದುಡ್ಡಿಗೆ ಬೇರೆಯವರ ಮೇಲೆ ಬೀಳೋದು, ಇವು ಅದರಲ್ಲಿವೆ. ಇವು ಇದ್ದರೆ ಮೇಲಿನ ಲೆಕ್ಕ ಯಾವುದೂ ಉಪಯೋಗಕ್ಕೆ ಬರಲ್ಲ. ಟೂರ್ನಮೆಂಟ್ ನಿಲ್ಲಿಸಿ ಮನೋವೈದ್ಯರನ್ನು ನೋಡಬೇಕು. ಹೇಳಿ ಬಿಟ್ಟಿದ್ದೀನಿ, ಯಾರನ್ನೂ ಕುರಿತು ಅಲ್ಲ.

ಖಾಲಿ ಸ್ಟ್ಯಾಕ್

ತಪ್ಪೇನಿಲ್ಲ, ಹೇಳಬೇಕಾದ್ದೇ. ಇನ್ನು ಬರೆದಿಡೋ ಕೆಲಸ: ಕೊನೆಯ ಹ್ಯಾಂಡ್ ಮಾತ್ರ ನೆನಪಿರುತ್ತೆ. ಲೈವ್‌ನಲ್ಲಿ ಏನು ಬರೀಬೇಕು?

ಬಟನ್ ಮೇಲೆ ಕೂತವ

ಕೊನೆಯ ಹ್ಯಾಂಡ್ ಬರೆಯೋದೇ ಬೇಡ, ಅದು ಹೇಗೂ ಮರೆಯಲ್ಲ. ಫೋಲ್ಡ್ ಮಾಡಿದ ಮೇಲೆ ಫೋನ್ ತೆಗೆದು, ಹ್ಯಾಂಡ್‌ನಲ್ಲಿ ಇರುವಾಗ ಅಲ್ಲ, ಇಷ್ಟು ಬರೀರಿ: ಪ್ರತಿ ಲೆವೆಲ್ ಶುರುವಿನಲ್ಲಿ ಸ್ಟ್ಯಾಕ್ ಎಷ್ಟು ಬಿಗ್ ಬ್ಲೈಂಡ್. ಆ ಲೆವೆಲ್‌ನಲ್ಲಿ ಯಾರೂ ಓಪನ್ ಮಾಡದೆ ನಿಮ್ಮವರೆಗೆ ಬಂದದ್ದು ಎಷ್ಟು ಸಲ, ಅದರಲ್ಲಿ ನೀವು ಓಪನ್ ಮಾಡಿದ್ದು ಎಷ್ಟು ಸಲ. ಆಲ್-ಇನ್ ಆದರೆ ಎಲೆ ತೆರೆದಾಗಿನ ಗೆಲುವಿನ ಶೇಕಡಾ, ಮಧ್ಯದಲ್ಲಿದ್ದ ಚಿಪ್ಸ್. ಶೇ. 80, 57, 45 ಅಂತ ಬರೆದು ಕೂಡಿಸಿದರೆ 1.82, ಮೂರರಲ್ಲಿ 1.82 ಗೆಲ್ಲಬೇಕಿತ್ತು, ಗೆದ್ದದ್ದು 1. ಆ ವ್ಯತ್ಯಾಸ ಮಾತ್ರ ಅದೃಷ್ಟ. ಇಪ್ಪತ್ತು ಟೂರ್ನಮೆಂಟ್ ಮುಗಿದಾಗ ಆ ಅಂಕಣ ಹೆಚ್ಚುಕಡಿಮೆ ಸಮ ಇದ್ದು, ಮೊದಲ ಅಂಕಣದಲ್ಲಿ 25, 13, 6 ಅಂತ ಮತ್ತೆ ಮತ್ತೆ ಕಂಡರೆ ರಾಜನ ಮೇಲೆ ಹೊರಿಸಿದ ಕೇಸು ವಜಾ.

ಖಾಲಿ ಸ್ಟ್ಯಾಕ್

ರೀ-ಎಂಟ್ರಿ ಮಾಡಿದರೆ ಅದೇ ಸಾಲಿನಲ್ಲಿ ಬರೆಯೋದೋ, ಬೇರೆ ಸಾಲೋ?

ಲೆಕ್ಕಿಗ

ಬೇರೆ ಸಾಲು. ಎರಡನೇ ಎಂಟ್ರಿಯಲ್ಲಿ ಕ್ಯಾಶ್ ಆದರೆ ಅದು ಎರಡರಲ್ಲಿ ಒಂದು, ಒಂದರಲ್ಲಿ ಒಂದಲ್ಲ. ಕೊನೆಯ ಬಹುಮಾನ ಬೈ-ಇನ್‌ನ ಒಂದೂವರೆ ಪಟ್ಟು ಇದ್ದರೆ, ಎರಡು ಕಟ್ಟಿ ಒಂದೂವರೆ ತಂದವರು ಆ ದಿನ ಅರ್ಧ ಬೈ-ಇನ್ ಸೋತು ಮನೆಗೆ ಹೋಗಿದ್ದಾರೆ. ಅದನ್ನೂ ಹಾಗೇ ಬರೀರಿ.